ಎರಡು ತಿರುಪು

ಟಕ್, ಟಕ್, ತುಸು ತಡೆದು ಮತ್ತೆ ಟಕ್.
ಪಾವ್ಲಾ ಲಪಾಯ್ನೆ ಡಬ್ಬಿಗೆ ಕಿವಿಗೊಟ್ಟು ಹೇಳಿದಳು:
"ಲೇಸು ಹೆಣೆಯುವಾಗ ನನ್ನ ಮರದ ಕಡ್ಡಿಗಳದ್ದೂ ಇದೇ ಸದ್ದು.
ಇಲ್ಲಿ ಮಾತ್ರ ಯಾರೋ ಒಂದೇ ಗಂಟು ಹಾಕುತ್ತಲೇ ಇದ್ದಾರೆ,
ಬೀಳುತ್ತಲೇ ಇಲ್ಲ."
ನಾನು ವೈರು ಕಿತ್ತೆ.

ಅಂಗೈಯಗಲದ ಹಾರ್ಡ್ ಡಿಸ್ಕು. ಒಳಗೆ ಮುನ್ನೂರ ನಲವತ್ತು ನಕ್ಷೆ:
ಅವಳ ಅತ್ತೆಯದು, ಅತ್ತೆಯ ಅತ್ತೆಯದು,
ಸೂಜಿಯಿಂದ ತೂತು ತೂತಾಗಿ ಚುಚ್ಚಿದ ಕಾಗದಗಳು.
ಹೋದ ವರ್ಷ ಒಂದೊಂದನ್ನೂ ಸ್ಕ್ಯಾನ್ ಮಾಡಿ
ಬೂಷ್ಟು ಹಿಡಿದ ಮೂಲವನ್ನು ಒಲೆಗೆ ಹಾಕಿದ್ದಳು.
ಇನ್ನೊಂದು ಪ್ರತಿ?
ಕೇಳಬಾರದಿತ್ತು, ಕೇಳಿದೆ.
ಅವಳು ಕಿಟಕಿಯ ಪರದೆ ಸರಿಮಾಡಿದಳು.

ಈ ಇದ್ರಿಯಾದಲ್ಲಿ ನಾನು ಬಿಚ್ಚದ ಯಂತ್ರವಿಲ್ಲ.
ಹೊಲಿಗೆ ಮಿಷನ್ನು, ರೇಡಿಯೋ, ಪಾದ್ರಿಯ ಮೈಕು,
ಅದಕ್ಕೂ ಮುಂಚೆ ಪಾದರಸದ ಗಣಿಯೊಳಗೆ ಪಂಪು.
ಬಿಚ್ಚಿದ್ದನ್ನೆಲ್ಲ ಕೂಡಿಸಿದ್ದೇನೆ.
ಒಮ್ಮೊಮ್ಮೆ ಒಂದು ತಿರುಪು ಮಿಕ್ಕಿದೆ,
ಯಂತ್ರ ಅದನ್ನು ಕೇಳಿಲ್ಲ.
ಕೈ ತುರಿಸದೆ ಇದ್ದೀತೆ?

ಲ್ಯುಬ್ಲ್ಯಾನಾದ ಲ್ಯಾಬಿನವರು ಫೋನಿನಲ್ಲಿ
ಒಂಬೈನೂರು ಯೂರೋ ಅಂದರು, ಸಿಕ್ಕರೆ.
ಸಿಗದಿದ್ದರೆ ಎಪ್ಪತ್ತು.
ಪಾವ್ಲಾಳ ಪಿಂಚಣಿ ಎಷ್ಟೆಂದು ನನಗೆ ಗೊತ್ತು, ಅಂಚೆಯವನಿಗೂ ಗೊತ್ತು.
ಮೊಮ್ಮಗಳು ಅಯ್ದಾ, "ಒಂದು ರಾತ್ರಿ ಫ್ರೀಜರಿನಲ್ಲಿಡಿ" ಅಂದಳು.
ಬೇಕರಿಯವನು, "ಮೆಲ್ಲಗೆ ಗುದ್ದಿ ನೋಡಿ."
ರೋಗಿ ಒಬ್ಬ, ವೈದ್ಯರು ಬೀದಿ ತುಂಬ.

ರಾತ್ರಿ ದೀಪ ಹತ್ತಿರಕ್ಕೆಳೆದು ಕೂತೆ.
ನಕ್ಷತ್ರದ ಮೂತಿಯ ಸ್ಕ್ರೂಡ್ರೈವರ್. ಒಂದು ತಿರುಪು ಬಂತು.
ಎರಡನೆಯದು ಇನ್ನೂ ಸುಲಭ.
ಓದುವ ಮುಳ್ಳು ತಟ್ಟೆಯನ್ನು ಮುಟ್ಟುವುದೇ ಇಲ್ಲವಂತೆ,
ಮೇಲೆ ತೇಲುತ್ತದಂತೆ,
ನಡುವಿನ ಸಂದಿಯಲ್ಲಿ ಸಿಗರೇಟಿನ ಹೊಗೆಗೂ ಜಾಗವಿಲ್ಲವಂತೆ.
ನನ್ನ ಮೇಜಿನ ಮೇಲೆ ಬೆಕ್ಕಿನ ಕೂದಲಿತ್ತು.

ಆಗ ಗಣಿಯ ಮೇಸ್ತ್ರಿ ಹ್ಲಾದ್ನಿಕ್ ನೆನಪಾದ.
ಹತ್ತೊಂಬತ್ತರ ಹುಡುಗ ನಾನು; ಶೀಸೆ ಒಡೆದು
ಚೆಲ್ಲಿದ ರಸವನ್ನು ಹೆಬ್ಬೆರಳಲ್ಲಿ ಅಟ್ಟುತ್ತಿದ್ದೆ.
ಒಂದು ಹನಿ ಹತ್ತಾಯಿತು, ಹತ್ತು ನೂರಾಯಿತು,
ಒಂದೊಂದರಲ್ಲೂ ನನ್ನದೇ ಪುಟ್ಟ ಮೂತಿ.
"ಬಿಡೋ, ನೀನು ಮುಟ್ಟಿದಷ್ಟೂ
ಅದು ಹೆಚ್ಚುತ್ತೆ, ನಿನಗೆ ಸಿಗೋದು ಕಡಿಮೆಯಾಗುತ್ತೆ."

ನನ್ನದೇ ಡಿಸ್ಕಾಗಿದ್ದರೆ ತೆಗೆದೇ ಬಿಡುತ್ತಿದ್ದೆ,
ಮೀನು ಹಿಡಿದ ನಾಲ್ಕು ಫೋಟೋ, ಕೆಟ್ಟರೆ ನನ್ನನ್ನೇ ಬೈದುಕೊಳ್ಳುವುದು.
ಕೈತಪ್ಪಿ ಅಳಿಸಿದ್ದಾಗಿದ್ದರೂ ಸೈ, ಮೊದಲೊಂದು ಪ್ರತಿ ಮಾಡಿಟ್ಟು
ಆಮೇಲೆ ಹುಡುಕಾಡಬಹುದಿತ್ತು.
ಕಳೆದದ್ದನ್ನು ಅರಸುವುದು ಬೇರೆ,
ನರಳುವುದನ್ನು ಕೊಯ್ಯುವುದು ಬೇರೆ.
ಇಷ್ಟು ತಿಳಿಯಲು ನನಗೆ ಎರಡು ತಿರುಪು ಹಿಡಿಯಿತು.

ಬೆಳಿಗ್ಗೆ ಪಾವ್ಲಾ ಬಂದಳು, ಒಂದು ತಟ್ಟೆ ಝ್ಲಿಕ್ರೋಫಿ,
ಆಲೂಗಡ್ಡೆ ತುಂಬಿದ ಪುಟ್ಟ ಕಡುಬು, ಇನ್ನೂ ಹಬೆಯಾಡುತ್ತಿತ್ತು.
ಕಂಕುಳಲ್ಲಿ ಕಾಗದದ ಸುರುಳಿ.
ಇಡೀ ರಾತ್ರಿ ಚುಚ್ಚಿದ್ದಾಳೆ, ನೆನಪಿನಿಂದ,
ಹನ್ನೊಂದು ನಕ್ಷೆ ಪೂರಾ. ಹನ್ನೆರಡನೆಯದು
ಎಲೆಯ ತೊಟ್ಟಿನ ಬಳಿ ನಿಂತಿದೆ.
"ಕೈಗೆ ಗೊತ್ತಿತ್ತು," ಅಂದಳು, "ನಾನು ಮಧ್ಯೆ ಬಾಯಿ ಹಾಕಿದೆ."

ಮೇಜಿನ ಮೇಲಿನ ತಿರುಪುಗಳನ್ನು ನೋಡಿದಳು.
ಎರಡೇ, ಅಂದೆ, ಕಳ್ಳನ ಹಾಗೆ.
ಅವಳೇ ಅವನ್ನೆತ್ತಿ, ಗುಂಡುಸೂಜಿ ನೆಡುವಂತೆ
ಒಂದೊಂದಾಗಿ ಹಿಂದಕ್ಕೆ ತಿರುಗಿಸಿದಳು.
"ಬಿಚ್ಚದೆ ಬಿಡುವುದೂ ಒಂದು ಲೇಸೇ."
ಆಮೇಲೆ ಬೆರಳು ಮಡಿಸಿ ಎಣಿಸಿದಳು:
ಒಂಬೈನೂರೆಂದರೆ ಎಷ್ಟು ಕಾಲರು, ಎಷ್ಟು ಕರವಸ್ತ್ರದ ಅಂಚು.
ಕ್ರಿಸ್‌ಮಸ್ ದಾಟಬಹುದು. ದಾಟಲಿ.

ಡಿಸ್ಕು ಈಗ ನಾರುಬಟ್ಟೆ ಸುತ್ತಿಕೊಂಡು
ನನ್ನ ಡ್ರಾಯರಿನಲ್ಲಿದೆ, ವಿದ್ಯುತ್ತಿನ ಗೊಡವೆಯಿಲ್ಲದೆ.
ಮೇಲಿನ ಮನೆಯಿಂದ ನಡುರಾತ್ರಿಯವರೆಗೂ ಟಕ್, ಟಕ್.
ಎರಡು ಸಲ ಎದ್ದೆ,
ವೈರು ಕೀಳಲು.